ಸಾಲು ನಿಲ್ಲಿಸದೆ ಆಡಿಸುವುದು: ಪುಟ್ಟ ಫುಟ್‌ಬಾಲ್ ಆಟಗಾರರಿಗೆ ಒಂದು ಗಂಟೆಯ ಅಭ್ಯಾಸ ಯೋಜಿಸುವ ಬಗೆ

ಹದಿನಾರು ಮಕ್ಕಳು, ಒಂದು ಗೋಲು, ಒಂದು ಚೆಂಡು. ಎಲ್ಲರೂ ಸಾಲಾಗಿ ನಿಂತು ಒಬ್ಬರಾದ ಮೇಲೊಬ್ಬರು ಶಾಟ್ ಹೊಡೆಯುತ್ತಿದ್ದಾರೆ. ಒಂದು ಸರದಿಗೆ 15 ಸೆಕೆಂಡ್ ಎಂದು ಇಟ್ಟುಕೊಂಡರೆ 12 ನಿಮಿಷಕ್ಕೆ 48 ಸರದಿ, ಅಂದರೆ ತಲೆಗೆ ಮೂರು. ಪ್ರತಿ ಮಗು ಮುಕ್ಕಾಲು ನಿಮಿಷ ಆಡಿದೆ, 11 ನಿಮಿಷಕ್ಕೂ ಹೆಚ್ಚು ಹೊತ್ತು ಸುಮ್ಮನೆ ನಿಂತಿದೆ. ನಿಂತ ಮಗು ಸುಮ್ಮನಿರುತ್ತದೆಯೇ? ಮುಂದಿದ್ದವನ ಅಂಗಿ ಎಳೆಯುತ್ತದೆ, ಕೋನ್ ಎತ್ತಿ ತಲೆಗೆ ಟೋಪಿ ಮಾಡಿಕೊಳ್ಳುತ್ತದೆ. ಕೋಚ್‌ಗೆ ಅದು ಶಿಸ್ತಿನ ಸಮಸ್ಯೆಯಾಗಿ ಕಾಣುತ್ತದೆ. ನನ್ನ ಪ್ರಕಾರ ಅದು ಮಕ್ಕಳು ಮೈದಾನಕ್ಕೆ ಬರುವ ಮುಂಚೆಯೇ ಹಾಳೆಯ ಮೇಲೆ ಆಗಿಹೋದ ತಪ್ಪು.

ಮಕ್ಕಳ ಕೋಚ್‌ಗಳು ದೂರವಿಡಬೇಕಾದದ್ದು ಮೂರು ಎಂಬ ಮಾತು ಈ ವಲಯದಲ್ಲಿ ಹಳೆಯದು: ಸಾಲು, ಸುತ್ತು, ಭಾಷಣ. ಮೈದಾನಕ್ಕೆ ಸುತ್ತು ಹಾಕಿಸುವುದನ್ನು ಈಗ ಬಹಳ ಜನ ಬಿಟ್ಟಿದ್ದಾರೆ. ಭಾಷಣ ನಿಧಾನಕ್ಕೆ ಕಡಿಮೆಯಾಗುತ್ತಿದೆ. ಸಾಲು ಮಾತ್ರ ಏನೋ ಒಂದು ನೆಪದಲ್ಲಿ ವಾಪಸ್ ಬರುತ್ತಲೇ ಇರುತ್ತದೆ. ಹಾಗಾಗಿ ಈ ಮಾರ್ಗದರ್ಶಿಯ ಪ್ರತಿ ಹಂತದಲ್ಲೂ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಈ ಕ್ಷಣದಲ್ಲಿ ಎಷ್ಟು ಮಕ್ಕಳ ಕಾಲಿಗೆ ಚೆಂಡು ಸಿಗುತ್ತದೆ?

ಹಂತ 1: ಮಕ್ಕಳ ವಯಸ್ಸಿನಿಂದ ಶುರು ಮಾಡಿ

ಆರು ವರ್ಷದ ಮಗುವಿಗೆ ಚೆಂಡು ತನ್ನದು. ಅದನ್ನು ಇನ್ನೊಬ್ಬರಿಗೆ ಕೊಡು ಎಂದರೆ ಅದಕ್ಕೆ ಅರ್ಥವೇ ಆಗುವುದಿಲ್ಲ. ಈ ವಯಸ್ಸಿನ ಮಕ್ಕಳನ್ನು ಆಡಲು ಬಿಟ್ಟರೆ ಬೆಲ್ಲಕ್ಕೆ ಇರುವೆ ಮುತ್ತಿದಂತೆ ಎಲ್ಲರೂ ಚೆಂಡಿಗೇ ಮುತ್ತುತ್ತಾರೆ. "ಹರಡಿಕೊಳ್ಳಿ, ಹರಡಿಕೊಳ್ಳಿ" ಎಂದು ಅಂಚಿನಿಂದ ಕೂಗಿ ಪ್ರಯೋಜನವಿಲ್ಲ, ವಯಸ್ಸೇ ಹಾಗೆ. ಇವರಿಗೆ ತಲೆಗೊಂದು ಚೆಂಡು, ಮುಟ್ಟಾಟದಂಥ ಆಟ, ಒಟ್ಟು 45 ನಿಮಿಷ ಸಾಕು. ಎಂಟು-ಒಂಬತ್ತು ವರ್ಷಕ್ಕೆ ಜೊತೆಗಾರನೊಬ್ಬ ಕಣ್ಣಿಗೆ ಬೀಳತೊಡಗುತ್ತಾನೆ. ಆಗ ಇಬ್ಬರಿಗೆ ಇಬ್ಬರು, ಮೂವರಿಗೆ ಮೂವರು ಆಡಿಸಬಹುದು. 60 ನಿಮಿಷ ಸರಿ. ಹತ್ತು-ಹನ್ನೆರಡಕ್ಕೆ ಜಾಗ, ಕೋನ, ಚೆಂಡು ಬರುವ ಮೊದಲೇ ಎಲ್ಲಿ ನಿಲ್ಲಬೇಕು ಎಂಬ ಯೋಚನೆ ಹುಟ್ಟುತ್ತದೆ. ಆಗ 75 ನಿಮಿಷದವರೆಗೂ ಎಳೆಯಬಹುದು.

ಚೆಂಡಿನ ಅಳತೆಯೂ ಇದೇ ಲೆಕ್ಕಕ್ಕೆ ಬರುತ್ತದೆ. ಎಂಟರೊಳಗಿನವರಿಗೆ 3ನೇ ಸೈಜ್, ಎಂಟರಿಂದ ಹನ್ನೆರಡರವರೆಗೆ 4ನೇ ಸೈಜ್. ದೊಡ್ಡವರ 5ನೇ ಸೈಜ್ ಚೆಂಡಿನ ಸುತ್ತಳತೆ 68ರಿಂದ 70 ಸೆಂಟಿಮೀಟರ್, ತೂಕ 410ರಿಂದ 450 ಗ್ರಾಂ. ಅದನ್ನು ಏಳು ವರ್ಷದ ಮಗುವಿಗೆ ಕೊಟ್ಟರೆ ಒದ್ದರೂ ಮುಂದೆ ಹೋಗುವುದಿಲ್ಲ, ತಡೆದರೆ ಕಾಲು ನೋಯುತ್ತದೆ. ಮಗು ಚೆಂಡಿಗೆ ಹೆದರುತ್ತಿದೆ ಅನ್ನಿಸಿದರೆ ಮೊದಲು ಚೆಂಡಿನ ಸೈಜ್ ನೋಡಿ, ಆಮೇಲೆ ಮಗುವಿನ ಧೈರ್ಯದ ಮಾತು.

ಹಂತ 2: ಒಂದು ದಿನಕ್ಕೆ ಒಂದೇ ವಿಷಯ

ಪಾಸ್, ಶಾಟ್, ಡಿಫೆನ್ಸ್ ಎಲ್ಲವನ್ನೂ ಒಂದೇ ಗಂಟೆಗೆ ತುರುಕುವ ಆಸೆ ಬಿಡಿ. ಆ ದಿನದ ವಿಷಯವನ್ನು ಮಗುವಿಗೆ ಹೇಳುವ ಭಾಷೆಯಲ್ಲಿಯೇ ಬರೆದುಕೊಳ್ಳಿ. "ಒನ್-ವರ್ಸಸ್-ಒನ್ ಆಕ್ರಮಣ ತಂತ್ರ" ಎಂದು ಬರೆದರೆ ಹಾಳೆಗೆ ಚಂದ. "ಎದುರಿಗಿದ್ದವನನ್ನು ದಾಟಿಕೊಂಡು ಹೋಗುವುದು" ಎಂದು ಬರೆದುಕೊಂಡರೆ ಮೈದಾನದಲ್ಲಿ ನಿಮ್ಮ ಬಾಯಿಗೂ ಅದೇ ಬರುತ್ತದೆ. ಒಂದು ವಿಷಯಕ್ಕೆ ಎರಡರಿಂದ ಮೂರು ವಾರ ಕೊಡಿ. ಮೊದಲ ವಾರ ಮಕ್ಕಳು ಆಟದ ನಿಯಮ ಕಲಿಯುವುದರಲ್ಲೇ ಇರುತ್ತಾರೆ. ಎರಡನೆಯ ವಾರ ನಿಯಮ ಮರೆತು ಆಡತೊಡಗುತ್ತಾರೆ. ನಿಜವಾದ ಕಲಿಕೆ ಶುರುವಾಗುವುದು ಆಗ.

ಹಂತ 3: ಗಂಟೆಯ ಆಕಾರ ನಿರ್ಧರಿಸಿ

ಅಮೆರಿಕದ ಫುಟ್‌ಬಾಲ್ ಒಕ್ಕೂಟ ತನ್ನ ತಳಮಟ್ಟದ ಕೋಚ್‌ಗಳಿಗೆ ಹೇಳಿಕೊಡುವ ಚೌಕಟ್ಟು ಸರಳ: ಆಟ, ಅಭ್ಯಾಸ, ಆಟ. ಬಂದ ತಕ್ಷಣ ಪುಟ್ಟ ಪಂದ್ಯ, ನಡುವೆ ಆ ದಿನದ ವಿಷಯ, ಕೊನೆಗೆ ಮತ್ತೆ ಪಂದ್ಯ. ನಾನು ನೋಡಿರುವ ಚೌಕಟ್ಟುಗಳಲ್ಲಿ ಹೊಸ ಕೋಚ್‌ಗೆ ಇದಕ್ಕಿಂತ ಒಳ್ಳೆಯದಿಲ್ಲ. "ಮ್ಯಾಚ್ ಯಾವಾಗ?" ಎಂಬ, ಪ್ರತಿ ಐದು ನಿಮಿಷಕ್ಕೊಮ್ಮೆ ಬರುವ ಪ್ರಶ್ನೆ ಇದರಿಂದ ಅರ್ಧಕ್ಕರ್ಧ ನಿಂತುಹೋಗುತ್ತದೆ. ಒಟ್ಟು ಹೊತ್ತಿನಲ್ಲಿ ಅರ್ಧದಷ್ಟಾದರೂ ನಿಜವಾದ ಆಟಕ್ಕೆ ಹೋಗಲಿ.

ನಿಜವಾದ ಆಟ ಎಂದರೆ ಹನ್ನೊಂದು ಮಂದಿಯದಲ್ಲ. ಚಿಕ್ಕ ತಂಡದ ಆಟವೇ ಈಗ ಎಲ್ಲೆಡೆಯ ದಾರಿ. ಇಂಗ್ಲೆಂಡಿನಲ್ಲೂ ಅಮೆರಿಕದಲ್ಲೂ ಮಕ್ಕಳ ಪಂದ್ಯಗಳು ಬೆರಳೆಣಿಕೆಯ ಜನರ ತಂಡದಿಂದ ಶುರುವಾಗಿ ಏಳು, ಒಂಬತ್ತು ಎಂದು ಏರಿ, ಹದಿಮೂರರ ಆಸುಪಾಸಿನಲ್ಲಿ ಹನ್ನೊಂದಕ್ಕೆ ಮುಟ್ಟುತ್ತವೆ. ಜರ್ಮನಿ 2024-25ರ ಋತುವಿನಿಂದ ಇನ್ನೂ ಮುಂದೆ ಹೋಗಿ, ತೀರಾ ಚಿಕ್ಕವರಿಗೆ ಇಬ್ಬರಿಗಿಬ್ಬರು ಅಥವಾ ಮೂವರಿಗೆ ಮೂವರು, ನಾಲ್ಕು ಪುಟ್ಟ ಗೋಲುಗಳ ಆಟವನ್ನು ಕಡ್ಡಾಯ ಮಾಡಿತು. ಇದರ ಬೇರು ಇರುವುದು, ಹಾಕಿ ಕ್ರೀಡೆಯ ಕೋಚ್ ಆಗಿದ್ದ ಹಾರ್ಸ್ಟ್ ವೈನ್ ರೂಪಿಸಿದ 'ಫುನಿನೊ' ಆಟದಲ್ಲಿ. ಪ್ರತಿ ತುದಿಯಲ್ಲೂ ಎರಡೆರಡು ಗೋಲು. ಒಂದರ ಮುಂದೆ ಗುಂಪು ಸೇರಿದರೆ ಇನ್ನೊಂದು ಖಾಲಿ. ಅದನ್ನು ಕಾಣಬೇಕಾದರೆ ಮಗು ತಲೆ ಎತ್ತಲೇಬೇಕು. "ತಲೆ ಎತ್ತಿ ಆಡು" ಎಂದು ಕೋಚ್ ನೂರು ಸಲ ಹೇಳುವ ಕೆಲಸವನ್ನು ಇಲ್ಲಿ ಎರಡನೆಯ ಗೋಲು ಮಾಡುತ್ತದೆ.

ಹಂತ 4: ಮಕ್ಕಳು ಬರುವ ಮೊದಲೇ ಮೈದಾನ ಹಾಸಿ

ಇಪ್ಪತ್ತು ನಿಮಿಷ ಮುಂಚೆ ಹೋಗಿ. ಕೋನ್‌ಗಳನ್ನು ಒಂದು ಆಟದಿಂದ ಇನ್ನೊಂದಕ್ಕೆ ಹೋಗುವಾಗ ಎಲ್ಲ ಕಿತ್ತು ಮತ್ತೆ ನೆಡುವಂತೆ ಇಡಬೇಡಿ. ನೀವು ಕೋನ್ ಜೋಡಿಸುವ ಆ ಮೂರು ನಿಮಿಷದಲ್ಲೇ ಗಲಾಟೆ ಹುಟ್ಟುವುದು. ದೊಡ್ಡ ಚೌಕವೊಂದನ್ನು ಹಾಕಿ, ಅದರೊಳಗೇ ಬೇರೆ ಬಣ್ಣದ ಕೋನ್‌ಗಳಿಂದ ಮುಂದಿನ ಆಟದ ಗೆರೆಗಳನ್ನೂ ಮೊದಲೇ ಹಾಕಿಬಿಡಿ. ಒಂದಷ್ಟು ಚೆಂಡುಗಳನ್ನು ಮೈದಾನದ ಸುತ್ತ ಅಲ್ಲಲ್ಲಿ ಬಿಡಿ. ಆಡುತ್ತಿದ್ದ ಚೆಂಡು ಹೊರಗೆ ಹೋದರೆ ಹತ್ತಿರದ್ದನ್ನು ಒಳಗೆ ತಳ್ಳಿದರಾಯಿತು. ಬಿಬ್‌ಗಳನ್ನು, ಅಂದರೆ ತಂಡ ಗುರುತಿಸಲು ಅಂಗಿಯ ಮೇಲೆ ತೊಡುವ ಬಣ್ಣದ ಮೇಲಂಗಿಗಳನ್ನು, ತಂಡವಾರು ಎಣಿಸಿ ಕಟ್ಟಿಡಿ. "ನನಗೆ ಕೆಂಪು ಬೇಕು" ಎಂಬ ಜಗಳದಲ್ಲಿ ಎಷ್ಟು ನಿಮಿಷ ಹೋಗುತ್ತದೆ ಎಂದು ಒಮ್ಮೆ ಗಡಿಯಾರ ಹಿಡಿದು ನೋಡಿ.

ಹಂತ 5: ಒಂದು ಪೂರ್ತಿ ಗಂಟೆ, ಬಿಡಿಸಿ

ಎಂಟು-ಒಂಬತ್ತು ವರ್ಷದ 14 ಮಕ್ಕಳು. ವಿಷಯ: ಎದುರಿಗಿದ್ದವನನ್ನು ದಾಟುವುದು.

ಮೊದಲ 10 ನಿಮಿಷ, ಬಂದವರೇ ಆಡಲಿ. ಮೊದಲು ಬಂದ ಇಬ್ಬರು ಒಬ್ಬರ ಮೇಲೊಬ್ಬರು ಆಡಲು ಶುರು ಮಾಡುತ್ತಾರೆ. ಮೂರನೆಯವನು ಸೇರುತ್ತಾನೆ, ನಾಲ್ಕನೆಯವಳು ಸೇರುತ್ತಾಳೆ. ಏಳನೆಯ ಮಗು ಬಂದಾಗ ಪಕ್ಕದ ಇನ್ನೊಂದು ಮೈದಾನ ತೆರೆಯುತ್ತದೆ. ಕೋಚ್ ಇಲ್ಲಿ ಏನೂ ಹೇಳಬೇಕಾಗಿಲ್ಲ. ತಡವಾಗಿ ಬಂದ ಮಗುವೂ ಮುಜುಗರಪಡದೆ ಆಟದೊಳಗೆ ಹೋಗುತ್ತದೆ. ಬಹಳಷ್ಟು ಸಲ ತಡವಾಗಿದ್ದಕ್ಕೆ ಕಾರಣ ಕರೆತಂದ ದೊಡ್ಡವರು, ಮಗುವಲ್ಲ.

ಮುಂದಿನ 12 ನಿಮಿಷ ಬಾಗಿಲಾಟ. 20 ಮೀಟರ್ ಚೌಕದೊಳಗೆ ಹತ್ತು 'ಬಾಗಿಲು', ಪ್ರತಿಯೊಂದೂ ಎರಡು ಕೋನ್‌ಗಳ ನಡುವಿನ ಒಂದೂವರೆ ಮೀಟರ್. ಎಲ್ಲರ ಬಳಿಯೂ ಚೆಂಡು. 45 ಸೆಕೆಂಡಿನಲ್ಲಿ ಎಷ್ಟು ಬಾಗಿಲು ದಾಟುತ್ತೀರಿ? ಒಂದೇ ಬಾಗಿಲನ್ನು ಬೆನ್ನುಬೆನ್ನಿಗೆ ಎರಡು ಸಲ ದಾಟುವಂತಿಲ್ಲ. ಎರಡನೆಯ ಸುತ್ತಿನಲ್ಲಿ ಮೊದಲ ಸುತ್ತಿನ ತಮ್ಮದೇ ಲೆಕ್ಕ ಮುರಿಯಬೇಕು. ಪಕ್ಕದವರ ಲೆಕ್ಕ ಕೇಳಲೇಬೇಡಿ; ಕೇಳಿದರೆ ಸುಳ್ಳು ಲೆಕ್ಕ ಶುರುವಾಗುತ್ತದೆ. ಮೂರನೆಯ ಸುತ್ತಿಗೆ ಮೂವರನ್ನು ಚೆಂಡಿಲ್ಲದೆ 'ಕಾವಲುಗಾರ'ರನ್ನಾಗಿ ಬಿಡಿ. ಕಾವಲುಗಾರ ಚೆಂಡು ಕಸಿಯುವಂತಿಲ್ಲ, ಬಾಗಿಲಿಗೆ ಅಡ್ಡ ನಿಲ್ಲಬಹುದು ಅಷ್ಟೆ. ಈಗ ಪ್ರತಿ ಮಗುವಿಗೂ ಒಂದು ನಿರ್ಧಾರ ಬಂತು: ಇವನನ್ನು ಏಮಾರಿಸಲೋ, ಬೇರೆ ಬಾಗಿಲಿಗೆ ತಿರುಗಲೋ? ಪ್ರತಿ ಸುತ್ತಿನ ನಡುವೆ ಅರ್ಧ ನಿಮಿಷ ಉಸಿರು, ಕಾವಲುಗಾರರ ಬದಲಾವಣೆ. ಕೊನೆಗೆ ಎರಡು ನಿಮಿಷ ನೀರು.

ನಂತರದ 16 ನಿಮಿಷ ಏಣಿಯಾಟ, ಇಡೀ ಗಂಟೆಯ ತಿರುಳು. ಏಳು ಪಟ್ಟಿಗಳನ್ನು ಪಕ್ಕಪಕ್ಕದಲ್ಲಿ ಹಾಕಿ, ಪ್ರತಿಯೊಂದೂ 12 ಮೀಟರ್ ಉದ್ದ, 7-8 ಮೀಟರ್ ಅಗಲ. ಪಕ್ಕದ ಪಟ್ಟಿಯ ಗೆರೆಯೇ ಇದರ ಗೆರೆಯೂ ಆಗುವುದರಿಂದ ಕೋನ್ ಹೆಚ್ಚು ಬೇಡ. ಒಂದೊಂದು ಪಟ್ಟಿಯಲ್ಲಿ ಇಬ್ಬರು, ಒಂದು ಚೆಂಡು. ಎದುರಾಳಿಯ ತುದಿಗೆರೆಯ ಮೇಲೆ ಚೆಂಡನ್ನು ಕಾಲಡಿ ನಿಲ್ಲಿಸಿದರೆ ಒಂದು ಅಂಕ. ದೂರದಿಂದ ಒದ್ದು ದಾಟಿಸಿದರೆ ಲೆಕ್ಕಕ್ಕಿಲ್ಲ. 40 ಸೆಕೆಂಡ್ ಆಟ, 40 ಸೆಕೆಂಡ್ ವಿಶ್ರಾಂತಿ. ಒಬ್ಬರ ಮೇಲೊಬ್ಬರ ಆಟ ಎಷ್ಟು ದಣಿಸುತ್ತದೆ ಎಂದು ತಿಳಿಯಬೇಕಾದರೆ ನೀವೇ ಒಮ್ಮೆ ಆಡಿ ನೋಡಿ. ಸೀಟಿ ಊದಿದಾಗ ಗೆದ್ದವರು ಒಂದು ಪಟ್ಟಿ ಬಲಕ್ಕೆ, ಸೋತವರು ಒಂದು ಪಟ್ಟಿ ಎಡಕ್ಕೆ. ಸಮವಾದರೆ ಕೊನೆಯ ಅಂಕ ಗಳಿಸಿದವರು ಗೆದ್ದಂತೆ. ಇಬ್ಬರೂ ಸೊನ್ನೆಯಲ್ಲಿದ್ದರೆ ಕೊನೆಗೆ ಚೆಂಡು ಯಾರ ಬಳಿ ಇತ್ತೋ ಅವರು.

ಈ ಏಣಿಯ ಸೊಗಸು ನಾಲ್ಕೈದು ಸುತ್ತಾದ ಮೇಲೆ ಗೊತ್ತಾಗುತ್ತದೆ. ಚುರುಕಾದವರು ಬಲತುದಿಯಲ್ಲಿ, ಹೊಸಬರು ಎಡತುದಿಯಲ್ಲಿ, ಪ್ರತಿಯೊಬ್ಬರಿಗೂ ಹೆಚ್ಚುಕಡಿಮೆ ತಮ್ಮ ಜೋಡಿಯ ಎದುರಾಳಿಯೇ ಸಿಕ್ಕಿರುತ್ತಾರೆ. ನೀವು ಯಾರನ್ನೂ "ನೀನು ವೀಕು, ಆ ಕಡೆ ಹೋಗು" ಎಂದು ವಿಂಗಡಿಸಲಿಲ್ಲ. ಎಡತುದಿಯ ಪಟ್ಟಿಯಲ್ಲಿ ಮೊದಲ ಅಂಕ ಬಿದ್ದಾಗ ಬಲತುದಿಗಿಂತ ಜೋರು ಕೇಕೆ ಕೇಳಿಬರುತ್ತದೆ.

ಇಲ್ಲಿ ಕೋಚ್ ಏನು ನೋಡಬೇಕು? ಹೆಚ್ಚಿನ ಮಕ್ಕಳು ಚೆಂಡನ್ನು ಮುಂದಕ್ಕೆ ತಳ್ಳಿ ಪೂರ್ತಿ ವೇಗದಲ್ಲಿ ಡಿಫೆಂಡರ್ ಮೇಲೆಯೇ ಓಡುತ್ತಾರೆ, ಚೆಂಡು ಅವನ ಕಾಲಿಗೆ ಹೋಗಿ ಸೇರುತ್ತದೆ. ಅಂಥ ಮಗುವಿನ ಪಕ್ಕಕ್ಕೆ ಹೋಗಿ ಒಂದೇ ಮಾತು ಹೇಳಿ: "ಹತ್ತಿರ ಹೋಗುವಾಗ ಮೆಲ್ಲಗೆ, ದಾಟುವಾಗ ಜೋರಾಗಿ." ಮುಂದಿನ ಸುತ್ತಿಗೆ ಇನ್ನೊಂದು: "ಅವನ ಯಾವ ಕಾಲು ಮುಂದಿದೆ ನೋಡು, ಆ ಕಾಲಿನ ಪಕ್ಕದಿಂದಲೇ ಹೋಗು." ಮುಂದಿಟ್ಟ ಕಾಲಿನ ಹೊರಗೆ ಚೆಂಡು ಹೋದರೆ ಡಿಫೆಂಡರ್ ಮೈಯನ್ನೆಲ್ಲ ತಿರುಗಿಸಿಕೊಂಡೇ ಬೆನ್ನಟ್ಟಬೇಕು. ಅವನು ತಿರುಗುವುದರೊಳಗೆ ಎರಡು ಹೆಜ್ಜೆ ಸಿಕ್ಕಿಬಿಡುತ್ತದೆ. ಡಿಫೆಂಡರ್‌ಗಳಿಗೆ ಇವತ್ತು ಏನೂ ಹೇಳಬೇಡಿ; ಅವರ ವಾರ ಮುಂದೆ ಬರುತ್ತದೆ.

ಉಳಿದ ಹೊತ್ತು ಪಂದ್ಯ. ಹದಿನಾಲ್ಕು ಜನರನ್ನು ಏಳೇಳಾಗಿ ಒಂದೇ ಆಟಕ್ಕೆ ಬಿಡಬೇಡಿ. ಒಂದು ಕಡೆ ಮೂವರಿಗೆ ಮೂವರು, ಇನ್ನೊಂದು ಕಡೆ ನಾಲ್ವರಿಗೆ ನಾಲ್ವರು, ಎರಡರಲ್ಲೂ ನಾಲ್ಕು ನಾಲ್ಕು ಪುಟ್ಟ ಗೋಲು. ಗೋಲ್‌ಕೀಪರ್ ಇಲ್ಲ. ಹೊರಹೋದ ಚೆಂಡನ್ನು ಥ್ರೋ ಬದಲು ಕಾಲಿನಿಂದ ಒಳತರಲಿ, ಆಟ ಬೇಗ ಸಾಗುತ್ತದೆ. ಮೊದಲರ್ಧಕ್ಕೆ ಒಂದು ನಿಯಮ ಸೇರಿಸಬಹುದು: ಎದುರಾಳಿಯನ್ನು ದಾಟಿ ಹೊಡೆದ ಗೋಲಿಗೆ ಎರಡು ಅಂಕ. ಎರಡನೆಯರ್ಧಕ್ಕೆ ಯಾವ ನಿಯಮವೂ ಬೇಡ, ಕೋಚ್ ಬಾಯಿ ಮುಚ್ಚಿಕೊಂಡು ನೋಡಲಿ. ಕಲಿಸಿದ್ದು ಕಾಲಿಗೆ ಇಳಿದಿದೆಯೋ ಇಲ್ಲವೋ ತಿಳಿಯುವುದು ಆಗಲೇ.

ಹಂತ 6: ಆಟ ಕೆಟ್ಟರೆ ಏನನ್ನು ತಿರುಗಿಸಬೇಕು

ಹಾಳೆಯಲ್ಲಿ ಚಂದ ಕಂಡ ಆಟ ಮೈದಾನದಲ್ಲಿ ಎರಡು ನಿಮಿಷಕ್ಕೇ ಸಪ್ಪೆಯಾಗಬಹುದು. ಆಗ ಹೊಸ ಆಟಕ್ಕೆ ಜಿಗಿಯಬೇಡಿ, ಇದ್ದ ಆಟದಲ್ಲೇ ಒಂದನ್ನು ಬದಲಿಸಿ. ಬದಲಿಸಲು ನಾಲ್ಕಿವೆ: ಜಾಗ, ಕೆಲಸ, ಸಲಕರಣೆ, ಜನ. ಚೆಂಡು ಹಿಡಿದವರು ಪದೇ ಪದೇ ಕಳೆದುಕೊಳ್ಳುತ್ತಿದ್ದರೆ ಚೌಕವನ್ನು ಎರಡು ಹೆಜ್ಜೆ ಅಗಲಿಸಿ. ತುಂಬ ಸುಲಭವಾಗಿದ್ದರೆ ಕಿರಿದು ಮಾಡಿ ಅಥವಾ ಇನ್ನೊಬ್ಬ ಕಾವಲುಗಾರನನ್ನು ಬಿಡಿ. ಒಂದು ತಂಡ ಐದು-ಸೊನ್ನೆಯಲ್ಲಿ ಮುಂದಿದ್ದರೆ ಸೋಲುತ್ತಿರುವವರಿಗೆ ಒಬ್ಬ ಹೆಚ್ಚುವರಿ ಆಟಗಾರ. ನೂರಕ್ಕೆ ಎಂಬತ್ತು ಸಲ ಜಾಗ ಬದಲಿಸಿದರೇ ಸಾಕಾಗುತ್ತದೆ ಎನ್ನುವುದು ನನ್ನ ಅಂದಾಜು, ಲೆಕ್ಕ ಇಟ್ಟು ಹೇಳಿದ್ದಲ್ಲ.

ಬಾರ್ಸಿಲೋನಾ ಕ್ಲಬ್‌ನ ತರಬೇತಿಯಿಂದ ಹೆಸರಾದ 'ರಾಂಡೋ' ಬಗ್ಗೆ ಒಂದು ಮಾತು. ಸುತ್ತ ನಿಂತವರು ಚೆಂಡು ಪಾಸ್ ಮಾಡುತ್ತಾ ನಡುವಿನವರಿಗೆ ಸಿಗದಂತೆ ಆಡುವ ಆಟವದು. ವಿಡಿಯೋ ನೋಡಿದ ಕೋಚ್‌ಗಳೆಲ್ಲ ಅದನ್ನೇ ಏಳು ವರ್ಷದವರಿಗೂ ಹಚ್ಚುತ್ತಾರೆ. ಆ ವಯಸ್ಸಿಗೆ ಎರಡನೆಯ ಪಾಸೇ ದಿಕ್ಕು ತಪ್ಪುತ್ತದೆ, ಆಮೇಲೆ ಎಲ್ಲರೂ ಚೆಂಡು ತರಲು ಓಡುವುದೇ ಆಟ. ಹತ್ತರ ಹೊತ್ತಿಗೆ ನಾಲ್ವರ ನಡುವೆ ಒಬ್ಬರಂತೆ ಶುರು ಮಾಡಿ; ಅಲ್ಲಿಯವರೆಗೆ ಕಾಯಬಹುದು.

ಹಂತ 7: ಮಾತು ಎಷ್ಟು, ಯಾವಾಗ

ಹೊಸ ಆಟ ವಿವರಿಸಲು ಅರ್ಧ ನಿಮಿಷ. ಅಷ್ಟರಲ್ಲಿ ಹೇಳಲಾಗದಿದ್ದರೆ ಆಟವೇ ಜಟಿಲವಾಗಿದೆ. ಇಬ್ಬರನ್ನು ಆಡಿಸಿ ತೋರಿಸಿ, ಉಳಿದ ನಿಯಮಗಳನ್ನು ಆಟ ಶುರುವಾದ ಮೇಲೆ ಒಂದೊಂದಾಗಿ ಸೇರಿಸಿ. ಮಕ್ಕಳ ಕಣ್ಣಿಗೆ ಬಿಸಿಲು ಹೊಡೆಯದ ಕಡೆ ಅವರನ್ನು ನಿಲ್ಲಿಸಿ, ಸೂರ್ಯನಿಗೆ ನೀವು ಮುಖ ಮಾಡಿ ನಿಲ್ಲಿ. ಮಾತಾಡುವಾಗ ಚೆಂಡುಗಳ ಮೇಲೆ ಕೂರಿಸಬೇಡಿ, ಉರುಳಾಟ ಶುರುವಾಗುತ್ತದೆ.

ಎಲ್ಲರನ್ನೂ "ಸ್ಟಾಪ್" ಎಂದು ನಿಲ್ಲಿಸಿ ಒಬ್ಬನ ತಪ್ಪು ತೋರಿಸುವ ಪದ್ಧತಿ ದೊಡ್ಡವರ ತಂಡಕ್ಕೆ ಸರಿಯಿರಬಹುದು. ಚಿಕ್ಕವರಲ್ಲಿ ಅದು ಹದಿಮೂರು ಮಂದಿಯ ಆಟ ಕೆಡಿಸಿ ಒಬ್ಬನನ್ನು ನಾಚಿಸುತ್ತದೆ. ಆಟ ನಡೆಯುತ್ತಿರುವಾಗಲೇ ಆ ಮಗುವಿನ ಹತ್ತಿರ ನಡೆದು ಹೋಗಿ ಹೇಳಿ. ಸಾಧ್ಯವಾದರೆ ಹೇಳುವ ಬದಲು ಕೇಳಿ: "ಆಗ ಖಾಲಿ ಗೋಲು ಯಾವುದಿತ್ತು?" ಮಗು ಬೆರಳು ತೋರಿಸಿದರೆ ಸಾಕು, ಉತ್ತರ ಬೇಕಿಲ್ಲ.

ಚೆಂಡು ಒದೆಯುವ ಮಗುವಿಗೆ ಅಂಚಿನಿಂದ ಅಪ್ಪನ ಒಂದು ಸೂಚನೆ, ಅಮ್ಮನ ಇನ್ನೊಂದು, ಕೋಚ್‌ನ ಮೂರನೆಯದು ಬಂದರೆ ಅದು ಸುಮ್ಮನೆ ನಿಂತುಬಿಡುತ್ತದೆ. ಋತುವಿನ ಮೊದಲ ದಿನವೇ ಪೋಷಕರಿಗೆ ಹೇಳಿಬಿಡಿ: ಚಪ್ಪಾಳೆ ಎಷ್ಟಾದರೂ ತಟ್ಟಿ, "ಒದಿ", "ಪಾಸ್ ಕೊಡು" ಬೇಡ.

ಎಣಿಕೆ, ಅಳತೆ, ಅಳು

ಹದಿನಾಲ್ಕು ಎಂದುಕೊಂಡಿರುತ್ತೀರಿ, ಹದಿಮೂರು ಬರುತ್ತಾರೆ. ಬೆಸ ಸಂಖ್ಯೆಗೆ ಮೊದಲೇ ಉತ್ತರ ಬರೆದಿಟ್ಟುಕೊಳ್ಳಿ: ಏಣಿಯಾಟದಲ್ಲಿ ಒಂದು ಪಟ್ಟಿಯಲ್ಲಿ ಮೂವರು, ಪಂದ್ಯದಲ್ಲಿ ಚೆಂಡು ಹಿಡಿದ ತಂಡಕ್ಕೇ ಸದಾ ಆಡುವ 'ಜೋಕರ್' ಒಬ್ಬ. ಅಂಚಿನಲ್ಲಿ ಕೂತು ಕಾಯುವ ಬದಲಿ ಆಟಗಾರ ಎಂಬ ಹುದ್ದೆ ಅಭ್ಯಾಸದಲ್ಲಿ ಇರಲೇಬಾರದು.

ಗಾತ್ರ ನೋಡಿ ಸಾಮರ್ಥ್ಯ ಅಳೆಯಬೇಡಿ. ಒಂದೇ ವಯೋಗುಂಪಿನಲ್ಲಿ ವರ್ಷದ ಮೊದಲ ತಿಂಗಳಲ್ಲಿ ಹುಟ್ಟಿದವರಿಗೂ ಕೊನೆಯ ತಿಂಗಳಲ್ಲಿ ಹುಟ್ಟಿದವರಿಗೂ ಹನ್ನೊಂದು-ಹನ್ನೆರಡು ತಿಂಗಳ ಅಂತರವಿರುತ್ತದೆ. ಎಂಟು ವರ್ಷಕ್ಕೆ ಅದು ಆಯುಸ್ಸಿನ ಎಂಟನೇ ಒಂದು ಭಾಗ. ಆಯ್ಕೆಗಳಲ್ಲಿ ಮೊದಲ ತಿಂಗಳುಗಳವರೇ ಹೆಚ್ಚು ಉಳಿದುಕೊಳ್ಳುವುದನ್ನು ಅನೇಕ ದೇಶಗಳ ಅಧ್ಯಯನಗಳು ಗುರುತಿಸಿವೆ. ಕೋಚ್‌ನ ಕೈಲಿರುವುದು ಇಷ್ಟು: ಸಣ್ಣ ಮೈಯವನನ್ನು ಖಾಯಂ ಡಿಫೆಂಡರ್, ದಪ್ಪಗಿರುವವನನ್ನು ಖಾಯಂ ಗೋಲ್‌ಕೀಪರ್ ಮಾಡದೆ ಎಲ್ಲರನ್ನೂ ಎಲ್ಲ ಜಾಗದಲ್ಲೂ ಆಡಿಸುವುದು.

ಒಂದು ಮಗು ಗೆರೆಯ ಹೊರಗೇ ನಿಂತು ಒಳಗೆ ಬರಲೊಲ್ಲೆ ಎನ್ನಬಹುದು. ಎಳೆದು ತರಬೇಡಿ. ಸಣ್ಣ ಕೆಲಸ ಕೊಡಿ: ಸಮಯ ನೋಡಿ "ಮುಗೀತು" ಎಂದು ಕೂಗುವುದು, ಹೊರಹೋದ ಚೆಂಡಿನ ಬದಲು ಹೊಸದನ್ನು ಒಳಗೆ ತಳ್ಳುವುದು. ಚೆಂಡು ತಳ್ಳುತ್ತಾ ತಳ್ಳುತ್ತಾ ಅದೇ ಒಂದು ಹೊತ್ತಿಗೆ ಒಳಗೆ ಬಂದಿರುತ್ತದೆ. ಆಗ ಅದನ್ನು ಎತ್ತಿ ಹೇಳಬೇಡಿ.

ಸುರಕ್ಷತೆ: ಚರ್ಚೆಗೆ ಜಾಗವಿಲ್ಲದವು

ಸಾಗಿಸಬಹುದಾದ ಗೋಲ್‌ಪೋಸ್ಟ್‌ಗಳನ್ನು ನೆಲಕ್ಕೆ ಬಿಗಿಯದೆ ಒಬ್ಬ ಮಗುವನ್ನೂ ಹತ್ತಿರ ಬಿಡಬೇಡಿ. ಅಡ್ಡಪಟ್ಟಿಗೆ ಜೋತುಬಿದ್ದಾಗ ಪೋಸ್ಟ್ ಮಗುಚಿ ಮಕ್ಕಳು ಸತ್ತಿದ್ದಾರೆ. ಗುಡುಗು ಕೇಳಿದರೆ ಮೈದಾನ ಖಾಲಿ. ಕೊನೆಯ ಗುಡುಗಿನಿಂದ 30 ನಿಮಿಷ ಕಳೆಯುವವರೆಗೆ ವಾಪಸ್ ಇಲ್ಲ.

ಹೆಡಿಂಗ್, ಅಂದರೆ ತಲೆಯಿಂದ ಚೆಂಡು ಹೊಡೆಯುವ ಅಭ್ಯಾಸ ಚಿಕ್ಕವರಿಗೆ ಬೇಡ. ಅಮೆರಿಕದ ಒಕ್ಕೂಟ 2015ರಲ್ಲಿ ಹತ್ತು ಮತ್ತು ಅದಕ್ಕಿಂತ ಚಿಕ್ಕ ವಯಸ್ಸಿನವರಿಗೆ ಹೆಡಿಂಗ್ ನಿಲ್ಲಿಸಲು ತೀರ್ಮಾನಿಸಿತು. ಇಂಗ್ಲೆಂಡ್, ಸ್ಕಾಟ್‌ಲೆಂಡ್, ಉತ್ತರ ಐರ್ಲೆಂಡ್‌ಗಳ ಸಂಘಗಳು 2020ರ ಫೆಬ್ರವರಿಯಲ್ಲಿ ಪ್ರಾಥಮಿಕ ಶಾಲೆಯ ವಯಸ್ಸಿನವರ ತರಬೇತಿಯಲ್ಲಿ ಅದು ಕೂಡದು ಎಂಬ ಮಾರ್ಗಸೂಚಿ ತಂದವು.

ಮೈ ಬಿಸಿ ಮಾಡಲು ಫಿಫಾದ '11+ ಕಿಡ್ಸ್' ಕಾರ್ಯಕ್ರಮವಿದೆ, 7ರಿಂದ 13 ವರ್ಷದವರಿಗೆಂದೇ ಮಾಡಿದ್ದು. ಅದರ ಏಳು ವ್ಯಾಯಾಮಗಳಲ್ಲಿ ಒಂಟಿಕಾಲ ಸಮತೋಲನ, ನೆಗೆತದ ಜೊತೆಗೆ ಪೆಟ್ಟಾಗದಂತೆ ಬೀಳುವುದನ್ನೂ ಕಲಿಸುತ್ತಾರೆ. ಅಷ್ಟನ್ನೂ ಒಂದೇ ದಿನ ಸೇರಿಸಲಾಗದಿದ್ದರೆ ಬೀಳುವುದನ್ನಂತೂ ಬಿಡಬೇಡಿ. ಇನ್ನು, ಬೆಳೆಯುವ ವಯಸ್ಸಿನ ಮಗು ಹಿಮ್ಮಡಿ ನೋವು ಅಥವಾ ಮಂಡಿಚಿಪ್ಪಿನ ಕೆಳಗೆ ನೋವು ಎಂದು ಮತ್ತೆ ಮತ್ತೆ ಹೇಳಿದರೆ ಅದನ್ನು ನೆಪ ಎಂದುಕೊಳ್ಳಬೇಡಿ. ಎಂಟರಿಂದ ಹದಿನಾಲ್ಕರ ನಡುವೆ ಬೆಳೆಯುವ ಮೂಳೆಯ ತುದಿಗೆ ಸ್ನಾಯುವಿನ ಎಳೆತ ಬಿದ್ದು ಹಿಮ್ಮಡಿಯಲ್ಲಿ ಸೀವರ್, ಮಂಡಿಯಲ್ಲಿ ಆಸ್‌ಗುಡ್-ಶ್ಲಾಟರ್ ಎಂಬ ತೊಂದರೆಗಳು ಕಾಣಿಸಿಕೊಳ್ಳುವುದು ಸಾಮಾನ್ಯ. ಓಟ, ನೆಗೆತ ಕಡಿಮೆ ಮಾಡಿಸಿ, ವೈದ್ಯರಿಗೆ ತೋರಿಸಲು ಹೇಳಿ.

ಮುಗಿದ ಮೇಲಿನ ಐದು ನಿಮಿಷ

ಮಕ್ಕಳಿಂದಲೇ ಕೋನ್ ಎತ್ತಿಸಿ. ಯಾವ ಬಣ್ಣ ಮೊದಲು ಮುಗಿಯುತ್ತದೆ ಎಂದರೆ ಅದೂ ಆಟವೇ. ಚೆಂಡು ಎಣಿಸಿ, ಒಂದು ಯಾವಾಗಲೂ ಬೇಲಿಯಾಚೆ ಇರುತ್ತದೆ. ಹಾಳೆಯ ಹಿಂಬದಿಯಲ್ಲಿ ಎರಡೇ ಸಾಲು ಬರೆದುಕೊಳ್ಳಿ: ಯಾವ ಆಟದಲ್ಲಿ ಮಕ್ಕಳು ಸಾಲಾಗಿ ಕಾಯುತ್ತಾ ನಿಂತರು, ಯಾವ ಆಟ ಮುಗಿದಾಗ "ಇನ್ನೊಂದೇ ಸಲ" ಎಂದು ಕೇಳಿದರು. ಮುಂದಿನ ವಾರ ಎರಡನೆಯದನ್ನು ಹಾಗೆಯೇ ಇಟ್ಟು ಒಂದು ನಿಯಮ ಮಾತ್ರ ಬದಲಿಸಿ. ಏಣಿಯಾಟವಾಗಿದ್ದರೆ ತುದಿಗೆರೆಯ ಬದಲು ಪ್ರತಿ ತುದಿಯಲ್ಲಿ ಎರಡು ಪುಟ್ಟ ಬಾಗಿಲು ಇಡಿ, ಒಬ್ಬರ ಬದಲು ಇಬ್ಬಿಬ್ಬರನ್ನು ಬಿಡಿ. ಅಲ್ಲಿಗೆ ದಾಟುವುದರ ಜೊತೆಗೆ ಪಾಸ್ ಕೊಡುವುದೂ ಶುರುವಾಗುತ್ತದೆ.